ವಿಡಿಯೋದಲ್ಲಿ ಸಿಗದ ಚಾಪ್‌ಮನ್

ಕೋಲ್ಕತ್ತದ ಫುಟ್‌ಬಾಲ್ ಕ್ಲಬ್ ಈಸ್ಟ್ ಬೆಂಗಾಲ್‌ನ ಹಳೆಯ ಅಭಿಮಾನಿ ಯಾರನ್ನಾದರೂ ಕಾರ್ಲ್‌ಟನ್ ಚಾಪ್‌ಮನ್ ಬಗ್ಗೆ ಕೇಳಿ ನೋಡಿ, ಮಾತು 1993ರಿಂದಲೇ ಶುರುವಾಗುತ್ತದೆ. ಏಷ್ಯನ್ ಕಪ್ ವಿನ್ನರ್ಸ್ ಕಪ್‌ನ ಮೊದಲ ಸುತ್ತು. ಎದುರಿಗೆ ಬಾಗ್ದಾದಿನ ಅಲ್ ಜವ್ರಾ. 1986ರ ವಿಶ್ವಕಪ್ ಆಡಿಬಂದ ದೇಶದ ದೊಡ್ಡ ಕ್ಲಬ್ ಅದು. ಭಾರತದ ತಂಡವೊಂದು ಅಂಥವರ ಮುಂದೆ ಮಾನ ಉಳಿಸಿಕೊಂಡರೆ ಸಾಕು ಎಂದುಕೊಳ್ಳುತ್ತಿದ್ದ ಕಾಲ. ಪಂದ್ಯ ಮುಗಿದಾಗ ಈಸ್ಟ್ ಬೆಂಗಾಲ್ 6, ಅಲ್ ಜವ್ರಾ 2. ಆ ಆರರಲ್ಲಿ ಮೂರು ಗೋಲು ಬೆಂಗಳೂರಿನಿಂದ ಹೋಗಿದ್ದ ಇಪ್ಪತ್ತೆರಡು ವರ್ಷದ ಹುಡುಗನದು. ಆತ ಸ್ಟ್ರೈಕರ್ ಕೂಡ ಅಲ್ಲ, ಮಿಡ್‌ಫೀಲ್ಡರ್.

ಈ ಕಥೆಯನ್ನು ನಾನು ಬಹಳ ಜನರ ಬಾಯಲ್ಲಿ ಕೇಳಿದ್ದೇನೆ. ಒಬ್ಬರು ಹೇಳಿದ ಹಾಗೆ ಇನ್ನೊಬ್ಬರು ಹೇಳುವುದಿಲ್ಲ. ಒಬ್ಬರ ಪ್ರಕಾರ ಮೂರನೆಯದು ದೂರದಿಂದ ಬಾರಿಸಿದ ಹೊಡೆತ. ಮತ್ತೊಬ್ಬರು ಅದನ್ನು ಗೋಲ್‌ಕೀಪರ್ ಎದುರಿಗೇ ತಂದು ನಿಲ್ಲಿಸುತ್ತಾರೆ. ಇಬ್ಬರೂ ತಾವು ಗ್ಯಾಲರಿಯಲ್ಲಿ ಕೂತಿದ್ದ ಜಾಗವನ್ನು ಮಾತ್ರ ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಾರೆ. ಪಕ್ಕದಲ್ಲಿ ಯಾರಿದ್ದರು, ಗೋಲಾದಾಗ ಯಾರ ಕನ್ನಡಕ ಕೆಳಗೆ ಬಿತ್ತು, ವಾಪಸು ಬರುವಾಗ ಬಸ್ಸು ಸಿಗದೆ ಎಲ್ಲಿಯವರೆಗೆ ನಡೆದರು, ಎಲ್ಲ ಗೊತ್ತು. ಇವತ್ತಿನ ಆಟಗಾರನಾಗಿದ್ದರೆ ಫೋನ್ ತೆಗೆದು ಅರ್ಧ ನಿಮಿಷದಲ್ಲಿ ಜಗಳ ಬಗೆಹರಿಸಬಹುದಿತ್ತು. ಚಾಪ್‌ಮನ್ ವಿಷಯದಲ್ಲಿ ಅದು ಆಗುವುದಿಲ್ಲ. ತೊಂಬತ್ತರ ದಶಕದ ಭಾರತದ ಕ್ಲಬ್ ಫುಟ್‌ಬಾಲ್‌ನಲ್ಲಿ ನೋಡಲು ಸಿಗುವ ದೃಶ್ಯಗಳು ತೀರಾ ಕಡಿಮೆ. ಮಸುಕು ಮಸುಕಾದ ಕೆಲವು ತುಣುಕುಗಳು, ಪತ್ರಿಕೆಯ ಕಪ್ಪುಬಿಳುಪು ಫೋಟೊಗಳು, ಅಷ್ಟೇ. ಉಳಿದದ್ದೆಲ್ಲ ನೋಡಿದವರ ತಲೆಯಲ್ಲಿದೆ.

ಅದರಲ್ಲೂ ಮಿಡ್‌ಫೀಲ್ಡರ್‌ಗಳ ಪಾಡು ಕಷ್ಟ. ಮರುದಿನದ ಪತ್ರಿಕೆ ಗೋಲು ಹೊಡೆದವರ ಹೆಸರು ಹಾಕುತ್ತಿತ್ತು, ಯಾವ ನಿಮಿಷದಲ್ಲಿ ಎಂದು ಹಾಕುತ್ತಿತ್ತು. ಆ ಗೋಲಿಗೆ ಎರಡು ಪಾಸ್ ಹಿಂದೆ ಮೈದಾನದ ಮಧ್ಯದಲ್ಲಿ ಒಬ್ಬ ತಲೆ ಎತ್ತಿ ನೋಡಿ ಚೆಂಡಿನ ದಿಕ್ಕು ಬದಲಿಸಿದ್ದನ್ನು ಬರೆಯಲು ಅಲ್ಲಿ ಜಾಗವಿರಲಿಲ್ಲ. ಸ್ಟ್ರೈಕರ್‌ಗಳಾದ ಐ.ಎಂ. ವಿಜಯನ್ ಮತ್ತು ಭೈಚುಂಗ್ ಭುಟಿಯಾ ಅವರ ಗೋಲುಗಳು ಲೆಕ್ಕದಲ್ಲಿ ಉಳಿದವು. ಅವರಿಗೆ ಚೆಂಡು ತಲುಪಿಸಿದವರ ಕೆಲಸ ಲೆಕ್ಕಕ್ಕೆ ಸೇರಲಿಲ್ಲ. ಚಾಪ್‌ಮನ್ ಬಗ್ಗೆ ಬರೆಯಬೇಕು ಎಂದು ನನಗೆ ಬಹಳ ದಿನದಿಂದ ಅನ್ನಿಸುತ್ತಿದ್ದದ್ದು ಇದಕ್ಕೇ.

ಅವರು ಹುಟ್ಟಿದ್ದು 1971ರ ಏಪ್ರಿಲ್ 13ರಂದು, ಬೆಂಗಳೂರಿನಲ್ಲಿ. ಇಲ್ಲಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ ಕಲಿತು, ಸದರ್ನ್ ಬ್ಲೂಸ್ ಎಂಬ ಸ್ಥಳೀಯ ಕ್ಲಬ್‌ಗೆ ಆಡಿ, 1990ರಲ್ಲಿ ಜಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. ಅಕಾಡೆಮಿ ಶುರುವಾಗಿ ಆಗಿನ್ನೂ ಮೂರು ವರ್ಷ. ಊಟ, ವಸತಿ, ಓದು, ಆಟ ಎಲ್ಲ ಒಂದೇ ಆವರಣದಲ್ಲಿ. ಹದಿಹರೆಯದ ಹುಡುಗರನ್ನು ಹಾಗೆ ಇಟ್ಟುಕೊಂಡು ವರ್ಷಗಟ್ಟಲೆ ತಯಾರು ಮಾಡುವುದು ನಮ್ಮ ದೇಶದಲ್ಲಿ ಹೊಸದಾಗಿತ್ತು. 1993ರಲ್ಲಿ ಅಲ್ಲಿಂದ ನೇರ ಈಸ್ಟ್ ಬೆಂಗಾಲ್‌ಗೆ. ಹೋದ ವರ್ಷವೇ ಆ ಹ್ಯಾಟ್ರಿಕ್.

ನಾನು ಕೆಲಸದ ಮೇಲೆ ಕೋಲ್ಕತ್ತಕ್ಕೆ ಹೋದದ್ದು ತೊಂಬತ್ತರ ದಶಕದ ಕೊನೆಗೆ. ದಕ್ಷಿಣದ ಬಿಜಯಗಢದಲ್ಲಿ ಒಂದು ಮನೆಯ ಮೇಲ್ಮಹಡಿಯ ಕೋಣೆ ಬಾಡಿಗೆಗೆ ಸಿಕ್ಕಿತು. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದವರು ಕಟ್ಟಿಕೊಂಡ ಕಾಲೊನಿ ಅದು. ಮನೆಯ ಯಜಮಾನರನ್ನು ಎಲ್ಲರ ಹಾಗೆ ನಾನೂ ‘ಕಾಕು’, ಅಂದರೆ ಚಿಕ್ಕಪ್ಪ, ಎನ್ನುತ್ತಿದ್ದೆ. ಅವರು ಹುಡುಗನಾಗಿದ್ದಾಗ ಅಪ್ಪನ ಜೊತೆ ಬಾರಿಸಾಲ್ ಬಿಟ್ಟು ಬಂದವರು. ಮಾತುಕತೆ ಮುಗಿದು ಮುಂಗಡ ಕೊಡುವಾಗ ಊರು ಕೇಳಿದರು. ಬೆಂಗಳೂರು ಎಂದೆ. ನನ್ನ ಸಂಬಳ ಎಷ್ಟು, ಮನೆಗೆ ಎಷ್ಟು ಹೊತ್ತಿಗೆ ಬರುತ್ತೇನೆ ಎಂಬ ಪ್ರಶ್ನೆಗಳೆಲ್ಲ ಅಲ್ಲಿಗೇ ನಿಂತುಹೋದವು. “ಅಹ್ಮದ್ ಖಾನ್ ಊರು!” ಎಂದರು. ಆಮೇಲೆ ಒಳಗಿದ್ದ ಮಗನನ್ನು ಕೂಗಿ, “ಬಾ ಇಲ್ಲಿ, ಚಾಪ್‌ಮನ್ ಊರಿನವರು ಬಂದಿದ್ದಾರೆ” ಎಂದರು.

ಅಹ್ಮದ್ ಖಾನ್ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಬೆಂಗಳೂರಿನಲ್ಲಿ ಹುಟ್ಟಿ, 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್ ಎರಡನ್ನೂ ಆಡಿದವರು. ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಿಂದ ಸೋಲಿಸಿದಾಗ ಆ ಒಂದು ಗೋಲು ಅವರದು. 1951ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲೂ ಇದ್ದರು. ಈಸ್ಟ್ ಬೆಂಗಾಲ್‌ನಲ್ಲಿ ಹತ್ತು ವರ್ಷ ಆಡಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಮತ್ತು ಅಹ್ಮದ್ ಖಾನ್ ಸೇರಿದ ಮುಂಪಂಕ್ತಿಗೆ ಆ ಜನ ಪಂಚಪಾಂಡವರು ಎಂದೇ ಹೆಸರಿಟ್ಟರು. ಎಲ್ಲ ಬಿಟ್ಟು ಓಡಿಬಂದು, ಬಿದಿರು ತಡಿಕೆಯ ಗುಡಿಸಿಲಲ್ಲಿ ಸಂಸಾರ ಹೂಡಿದ್ದ ಕಾಲೊನಿಗಳಿಗೆ 1949, 1950, 1951ರಲ್ಲಿ ಸತತವಾಗಿ ಕೋಲ್ಕತ್ತದ ಹಳೆಯ ಪಂದ್ಯಾವಳಿ ಐಎಫ್ಎ ಶೀಲ್ಡ್ ತಂದುಕೊಟ್ಟ ಐವರು ಅವರು. ಕಾಕು ಅವರಿಗೆ ಆಗ ಏಳೆಂಟು ವಯಸ್ಸು. ಅಂದಿನಿಂದ ಬೆಂಗಳೂರು ಎಂದರೆ ಒಳ್ಳೆಯ ಆಟಗಾರರು ಬರುವ ಊರು ಎಂಬುದು ಅವರ ಮನಸ್ಸಿನಲ್ಲಿ ನಿಂತುಬಿಟ್ಟಿತ್ತು. ಚಾಪ್‌ಮನ್ ಕಾಲದಲ್ಲಿ ಅದೇ ತಂಡದ ಡಿಫೆನ್ಸ್‌ನಲ್ಲಿದ್ದ ಇಲ್ಯಾಸ್ ಪಾಷಾ ಕೂಡ ನಮ್ಮ ಊರಿನವರೇ. ಆ ಮನೆಯಲ್ಲಿ ನನಗೆ ಸಿಕ್ಕ ಮರ್ಯಾದೆ ಇವರೆಲ್ಲ ಗಳಿಸಿಟ್ಟದ್ದು.

ಚಾಪ್‌ಮನ್ ಆಗ ಎರಡನೇ ಸಲ ಈಸ್ಟ್ ಬೆಂಗಾಲ್‌ಗೆ ಬಂದಿದ್ದರು. ನಡುವಿನ ವರ್ಷಗಳು ಪಂಜಾಬಿನದ್ದು. 1995ರಲ್ಲಿ ಅವರು ಫಗ್ವಾರಾದ ಜೆಸಿಟಿ ತಂಡ ಸೇರಿದಾಗ ಕೋಲ್ಕತ್ತದವರು ಬೇಸರಪಟ್ಟಿದ್ದರು. ಆದರೆ ಆಟಗಾರನಾಗಿ ಅವರು ಪೂರ್ತಿ ಅರಳಿದ್ದು ಅಲ್ಲೇ ಎಂದು ನನ್ನ ಅನಿಸಿಕೆ. ಬಟ್ಟೆ ಗಿರಣಿಯೊಂದರ ತಂಡ. ಮುಂದೆ ವಿಜಯನ್ ಮತ್ತು ಭುಟಿಯಾ, ಹಿಂದೆ ಚಾಪ್‌ಮನ್. ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಎಂಬುದು ಮೊದಲ ಬಾರಿಗೆ ನಡೆದದ್ದು 1996-97ರಲ್ಲಿ. ಗೆದ್ದದ್ದು ಕೋಲ್ಕತ್ತದವರೂ ಅಲ್ಲ, ಗೋವಾದವರೂ ಅಲ್ಲ, ಈ ಜೆಸಿಟಿ. ಭುಟಿಯಾ ಅವರೇ ಆ ಲೀಗಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವರು. ಅಲ್ಲಿಂದ ಕೆಲಕಾಲ ಹೊಸದಾಗಿ ಹುಟ್ಟಿದ್ದ ಎಫ್‌ಸಿ ಕೊಚ್ಚಿನ್. 1998ರಲ್ಲಿ ಮತ್ತೆ ಈಸ್ಟ್ ಬೆಂಗಾಲ್‌ನ ಕೆಂಪು-ಹಳದಿ ಅಂಗಿ.

ಅವರ ಆಟ ಹೇಗಿತ್ತು ಎಂದು ನೋಡದವರಿಗೆ ಹೇಳುವುದು ಸುಲಭವಲ್ಲ. ಮೈದಾನದಲ್ಲಿ ಧಾವಂತ ಇರಲಿಲ್ಲ. ಚೆಂಡು ಕಾಲಿಗೆ ಬರುವ ಮುಂಚೆಯೇ ಒಮ್ಮೆ ಸುತ್ತ ನೋಡಿ ಆಗಿರುತ್ತಿತ್ತು. ಮದುವೆ ಮನೆಯ ಪಂಕ್ತಿಯಲ್ಲಿ ನುರಿತ ಬಡಿಸುವವರೊಬ್ಬರು ಇರುತ್ತಾರಲ್ಲ, ಯಾರ ಎಲೆ ಖಾಲಿಯಾಗುತ್ತಿದೆ ಎಂದು ಆ ತುದಿಯಿಂದಲೇ ಕಂಡುಕೊಂಡು, ಕೇಳುವ ಮೊದಲೇ ಬಂದು ನಿಲ್ಲುವವರು, ಚಾಪ್‌ಮನ್ ಪಾಸ್ ಕೊಡುತ್ತಿದ್ದದ್ದು ಹಾಗೆ. ಸ್ಟ್ರೈಕರ್ ಕೈ ಎತ್ತಿ ಕೇಳಬೇಕಾಗಿರಲಿಲ್ಲ. ಇಬ್ಬರು ಡಿಫೆಂಡರ್‌ಗಳ ನಡುವೆ ಚೆಂಡು ಉರುಳಿಕೊಂಡು ಹೋಗುವುದು ಕಂಡ ಮೇಲೆಯೇ ಅಲ್ಲೊಂದು ದಾರಿ ಇತ್ತು ಎಂದು ಗ್ಯಾಲರಿಗೆ ತಿಳಿಯುತ್ತಿತ್ತು. ಎದುರಾಳಿ ಮೈಮೇಲೆ ಬಿದ್ದರೆ, ಎದ್ದು ಮೊಣಕಾಲು ಒರೆಸಿಕೊಂಡು ತನ್ನ ಜಾಗಕ್ಕೆ ನಡೆಯುತ್ತಿದ್ದರು.

ಕಾಕು ಜೊತೆ ಮೈದಾನಕ್ಕೆ ಹೋಗುವುದೇ ಒಂದು ಹಬ್ಬವಾಗಿತ್ತು. ದೊಡ್ಡ ಪಂದ್ಯಗಳು ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ. ಕೋಲ್ಕತ್ತ ಲೀಗಿನ ಸಣ್ಣ ಪಂದ್ಯಗಳು ಊರ ನಡುವಿನ ‘ಮೈದಾನ್’ ಎಂಬ ಬಯಲಿನಲ್ಲಿರುವ ಕ್ಲಬ್ಬಿನ ಸ್ವಂತ ಅಂಗಳದಲ್ಲಿ. ನನಗೆ ಇಷ್ಟವಾದದ್ದು ಈ ಸಣ್ಣ ಪಂದ್ಯಗಳೇ. ಗ್ಯಾಲರಿ ಎಷ್ಟು ಹತ್ತಿರವೆಂದರೆ ಚೆಂಡು ಒದೆದ ಸದ್ದು ಕೇಳಿಸುತ್ತಿತ್ತು, ಆಟಗಾರರು ಒಬ್ಬರನ್ನೊಬ್ಬರು ಕೂಗುವುದು ಕೇಳಿಸುತ್ತಿತ್ತು. ಮಳೆಗಾಲದ ಸಂಜೆ, ಕೆಸರು, ಕಾಗದದ ಪೊಟ್ಟಣದಲ್ಲಿ ಸಾಸಿವೆ ಎಣ್ಣೆಯ ಘಾಟಿನ ಝಾಲ್‌ಮುರಿ. ಕಾಕು ಪಂದ್ಯದ ಪೂರ್ತಿ ಹೊತ್ತು ಬೈಯುತ್ತಿದ್ದರು. ರೆಫ್ರಿಯನ್ನು ಬೈಯುತ್ತಿದ್ದರು, ಕ್ಲಬ್ಬಿನ ಕಾರ್ಯದರ್ಶಿಗಳನ್ನು ಬೈಯುತ್ತಿದ್ದರು, ತಮ್ಮದೇ ಸ್ಟ್ರೈಕರ್‌ಗಳನ್ನು ಅವರ ತಾತ ಮುತ್ತಾತನವರೆಗೆ ಬೈಯುತ್ತಿದ್ದರು. ಚಾಪ್‌ಮನ್ ಪಾಸ್ ತಪ್ಪಿದಾಗ ಮಾತ್ರ ನಾಲಿಗೆ ಕಚ್ಚಿಕೊಂಡು, “ಛೆ, ಹುಡುಗ ದಣಿದಿದ್ದಾನೆ” ಎನ್ನುತ್ತಿದ್ದರು.

ಆ ಹೊತ್ತಿಗೆ ಈಸ್ಟ್ ಬೆಂಗಾಲ್‌ನವರ ಎದೆಯಲ್ಲಿ ಒಂದು ಮುಳ್ಳು ಇತ್ತು. ರಾಷ್ಟ್ರೀಯ ಲೀಗ್ ಶುರುವಾಗಿ ನಾಲ್ಕು ವರ್ಷ ಕಳೆದಿದ್ದರೂ ಅವರು ಒಮ್ಮೆಯೂ ಗೆದ್ದಿರಲಿಲ್ಲ. ಅದೇ ಊರಿನ, ಎದುರುಮನೆಯಂಥ ಕ್ಲಬ್ ಮೋಹನ್ ಬಾಗಾನ್ 1998ರಲ್ಲಿ ಒಮ್ಮೆ, 2000ದಲ್ಲಿ ಇನ್ನೊಮ್ಮೆ ಗೆದ್ದಾಗಿತ್ತು. ಕಾಲೊನಿಯ ಚಹಾ ಅಂಗಡಿಗಳಲ್ಲಿ ಬಾಗಾನ್ ಬೆಂಬಲಿಗರು ಬೇಕೆಂದೇ ಆ ವಿಷಯ ತೆಗೆಯುತ್ತಿದ್ದರು. 2000-01ರ ಋತುವಿನಲ್ಲಿ ಚಾಪ್‌ಮನ್ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ ಕೊನೆಗೂ ಲೀಗ್ ಗೆದ್ದಿತು. ಕೋಚ್ ಆಗಿದ್ದವರು ಅದೇ ಕ್ಲಬ್ಬಿನ ಹಳೆಯ ಡಿಫೆಂಡರ್ ಮನೋರಂಜನ್ ಭಟ್ಟಾಚಾರ್ಯ. ಆ ರಾತ್ರಿ ಬಿಜಯಗಢದಲ್ಲಿ ಯಾರೂ ಮಲಗಲಿಲ್ಲ. ಇಲಿಶ್ ಮೀನಿನ ಕಾಲ ಆಗಿರಲಿಲ್ಲ, ಸಿಕ್ಕ ಮೀನಿಗೆ ಬೆಲೆ ಕೇಳುವ ಹಾಗಿರಲಿಲ್ಲ. ಕಾಕು ಮರುದಿನ ಬೆಳಿಗ್ಗೆ ಪೇಟೆಗೆ ಹೋಗಿ ತಂದೇ ತಂದರು. ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್, ಬಾಗಾನ್ ಗೆದ್ದರೆ ಸಿಗಡಿ, ಅದು ಅಲ್ಲಿನ ನೇಮ. ಮೀನು ತಿನ್ನದ ನನ್ನ ತಟ್ಟೆಗೆ ಕಾಕು ಅವರ ಹೆಂಡತಿ ಕಾಕಿಮಾ ಪಾಯಸ ಬಡಿಸಿ, “ನಿಮ್ಮೂರಿನವನ ಹೆಸರಲ್ಲಿ” ಎಂದರು.

ಅದೇ ವರ್ಷ ಚಾಪ್‌ಮನ್ ಆಟ ನಿಲ್ಲಿಸಿದರು. ಮೂವತ್ತು ವಯಸ್ಸು. ಇನ್ನೆರಡು ವರ್ಷ ಆಡಬಹುದಿತ್ತು ಎಂದು ಇವತ್ತಿಗೂ ಹೇಳುವವರಿದ್ದಾರೆ; ನಾನೂ ಅವರಲ್ಲಿ ಒಬ್ಬ. ಭಾರತಕ್ಕೆ ಆಡಿದ್ದರು, ನಾಯಕನಾಗಿದ್ದರು, 1997ರಲ್ಲಿ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಕಪ್ ಗೆದ್ದ ತಂಡದಲ್ಲಿದ್ದರು. ಆಮೇಲೆ ಕೋಚ್ ಆದರು. ಮೊದಲು ತಾವು ಕಲಿತ ಟಾಟಾ ಅಕಾಡೆಮಿಯಲ್ಲೇ, ನಂತರ ಶಿಲ್ಲಾಂಗ್‌ನ ರಾಯಲ್ ವಾಹಿಂಗ್‌ಡೋ, ಕೋಲ್ಕತ್ತದ ಭವಾನಿಪುರ, ಕೋಝಿಕ್ಕೋಡಿನ ಕ್ವಾರ್ಟ್ಸ್, ನಮ್ಮ ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್. ಟಿವಿಯ ಬೆಳಕು ಹೆಚ್ಚು ಬೀಳದ ತಂಡಗಳು.

2020ರ ಅಕ್ಟೋಬರ್ 12, ಸೋಮವಾರ. ಬೆಳಿಗ್ಗೆ ಕಾಕು ಅವರ ಮಗ ಫೋನ್ ಮಾಡಿದ. ಕಾಕು ತೀರಿಕೊಂಡು ವರ್ಷಗಳಾಗಿದ್ದವು. ಹಬ್ಬಕ್ಕೊಮ್ಮೆ ಮಾತಾಡುವ ನಂಟು ಉಳಿದಿತ್ತು. “ದಾದಾ, ಚಾಪ್‌ಮನ್ ಹೋದನಂತೆ” ಎಂದ. ಬೆಂಗಳೂರಿನ ಸುದ್ದಿ ಬೆಂಗಳೂರಿನಲ್ಲಿದ್ದ ನನಗೆ ಕೋಲ್ಕತ್ತದಿಂದ ಗೊತ್ತಾಯಿತು. ನಲವತ್ತೊಂಬತ್ತು ವಯಸ್ಸು, ಹೃದಯಾಘಾತ. ಎರಡು ವಾರದ ಹಿಂದಷ್ಟೇ ಈಸ್ಟ್ ಬೆಂಗಾಲ್ ತನಗೆ ನೂರು ತುಂಬಿದ ವರ್ಷದಲ್ಲಿ ಇಂಡಿಯನ್ ಸೂಪರ್ ಲೀಗ್ ಪ್ರವೇಶಿಸುವುದು ಖಚಿತವಾಗಿ ಅವರೆಲ್ಲ ಸಂಭ್ರಮದಲ್ಲಿದ್ದರು. ಕೊರೊನಾ ಕಾಲ, ಕೊನೆಯ ದರ್ಶನಕ್ಕೆ ಬರಬೇಕೆಂದವರು ಬರುವ ಹಾಗಿರಲಿಲ್ಲ. ಚಾಪ್‌ಮನ್ ತನಗೆ ತಮ್ಮನ ಹಾಗಿದ್ದ, ಮೈದಾನದಲ್ಲಿ ಎದುರಾಳಿಗಳ ಮೇಲೆ ಕೋಪಿಸಿಕೊಂಡವನೇ ಅಲ್ಲ ಎಂಬ ಅರ್ಥದ ಮಾತನ್ನು ಅವತ್ತು ವಿಜಯನ್ ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ಗ್ಯಾಲರಿಯಿಂದ ನಾವು ಕಂಡದ್ದೂ ಅದನ್ನೇ.

ಅವತ್ತು ಫೋನಿನಲ್ಲಿ ನಾವಿಬ್ಬರೂ ತುಂಬ ಹೊತ್ತು ಹಳೆಯ ಪಂದ್ಯಗಳನ್ನು ಮಾತಾಡಿದೆವು. ನಡುವೆ ಅವನು 1997ರ ಜುಲೈ 13ರ ಪಂದ್ಯ ತೆಗೆದ. ಫೆಡರೇಷನ್ ಕಪ್ ಸೆಮಿಫೈನಲ್, ಸಾಲ್ಟ್ ಲೇಕ್‌ನಲ್ಲಿ 1,31,000 ಜನ, ಪಿ.ಕೆ. ಬ್ಯಾನರ್ಜಿ ಒಂದು ಕಡೆಯ ಕೋಚ್, ಅಮಲ್ ದತ್ತ ಇನ್ನೊಂದು ಕಡೆ. ಭುಟಿಯಾ ಹ್ಯಾಟ್ರಿಕ್ ಹೊಡೆದು ಈಸ್ಟ್ ಬೆಂಗಾಲ್ 4-1ರಿಂದ ಬಾಗಾನ್‌ನ ಸೊಕ್ಕು ಮುರಿದ ದಿನ. “ಒಂದು ಗೋಲಿಗೆ ಚಾಪ್‌ಮನ್ ಕೊಟ್ಟ ಪಾಸ್ ನೆನಪಿದೆಯಾ? ಅಪ್ಪ ನನ್ನನ್ನು ಹೆಗಲ ಮೇಲೆ ಎತ್ತಿಕೊಂಡುಬಿಟ್ಟಿದ್ದರು” ಎಂದ.

ಚಾಪ್‌ಮನ್ ಆ ದಿನ ಈಸ್ಟ್ ಬೆಂಗಾಲ್‌ನಲ್ಲಿ ಇರಲಿಲ್ಲ. ಮರಳಿ ಬಂದದ್ದು ಮರುವರ್ಷ. ನಾನು ಅದನ್ನು ಹೇಳಲಿಲ್ಲ.

ಆಮೇಲೆ ಯೋಚಿಸಿದಾಗ ಈ ನೆನಪಿಗೂ ಒಂದು ಬೆಲೆ ಇದೆ ಅನ್ನಿಸಿತು. ತನ್ನ ಜೀವನದ ಅತಿ ದೊಡ್ಡ ಪಂದ್ಯದಲ್ಲಿ ಅವನಿಗೆ ಆ ಆಟಗಾರ ಇರಲೇಬೇಕಿತ್ತು. ಇಪ್ಪತ್ತಮೂರು ವರ್ಷ ಮೆಲುಕು ಹಾಕುತ್ತ ಹಾಕುತ್ತ ಅವರನ್ನು ಕರೆತಂದು ಮೈದಾನದ ಮಧ್ಯೆ ನಿಲ್ಲಿಸಿಕೊಂಡಿದ್ದಾನೆ. ಅಭಿಮಾನಿ ಒಬ್ಬ ಆಟಗಾರನಿಗೆ ಇದಕ್ಕಿಂತ ದೊಡ್ಡ ಜಾಗ ಎಲ್ಲಿ ಕೊಡಲು ಸಾಧ್ಯ? ಆದರೆ ಇದರ ಜೊತೆಗೆ ನನಗೆ ಗಾಬರಿಯೂ ಆಯಿತು. ನಿಜವಾಗಿ ನಡೆದದ್ದನ್ನು ಯಾರೂ ಬರೆದಿಡದಿದ್ದರೆ, ಅಲ್ ಜವ್ರಾ ಪಂದ್ಯದ ಮೂರನೇ ಗೋಲಿನ ಹಾಗೆ ಎಲ್ಲವೂ ಬಾಯಿಂದ ಬಾಯಿಗೆ ಬದಲಾಗುತ್ತ ಹೋಗಿ, ಕೊನೆಗೆ ಚಾಪ್‌ಮನ್ ಎಂಬುದು ಬರೀ ಹೆಸರಾಗಿ ಉಳಿಯುತ್ತದೆ.

ಕೋಲ್ಕತ್ತದಲ್ಲಾದರೂ ಹೇಳುವವರಿದ್ದಾರೆ. ಬೆಂಗಳೂರಿನಲ್ಲಿ?

ನಮ್ಮ ಊರಿಗೆ ಫುಟ್‌ಬಾಲ್ ಗೊತ್ತಿಲ್ಲ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಹಲಸೂರಿನ ಗೌತಮಪುರಕ್ಕೆ ಹೋಗಿ ನೋಡಿ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಪ್ರತಿಮೆಗಳ ಜೊತೆ ಪೆಲೆಯ ಪ್ರತಿಮೆಯೂ ಇದೆ. ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳ ಓಣಿಗಳಲ್ಲಿ ತಮಿಳು, ಉರ್ದು, ಕನ್ನಡ, ಇಂಗ್ಲಿಷ್ ಎಲ್ಲ ಕಲಸಿದ ಮಾತಿನಲ್ಲಿ ಹುಡುಗರು ಚೆಂಡು ಕೇಳುತ್ತಾರೆ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್ ಫುಟ್‌ಬಾಲ್ ಗೋಲನ್ನು 1948ರಲ್ಲಿ ಫ್ರಾನ್ಸ್ ವಿರುದ್ಧ ಹೊಡೆದ ಸಾರಂಗಪಾಣಿ ರಾಮನ್ ನಮ್ಮವರು. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿಗೆ ಐಟಿಐ, ಎಚ್ಎಎಲ್ ತಂಡಗಳ ಆಟ ನೋಡಲು ಕಾರ್ಖಾನೆಯ ಪಾಳಿ ಮುಗಿಸಿ ಬರುತ್ತಿದ್ದ ಕಾರ್ಮಿಕರನ್ನು ನೋಡುತ್ತ ಬೆಳೆದವನು ನಾನು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಾಗ, ಐವತ್ತನಾಲ್ಕು ವರ್ಷದ ಹಿಂದೆ ಅದನ್ನು ಗೆದ್ದಿದ್ದ ಮೈಸೂರು ತಂಡವನ್ನು ನೆನೆದು ಕಣ್ಣೊರೆಸಿಕೊಂಡ ಹಿರಿಯರು ನನಗೆ ಗೊತ್ತು. ಪ್ರೀತಿಗೆ ಇಲ್ಲಿ ಕೊರತೆ ಇಲ್ಲ. ಆ ಪ್ರೀತಿ ಓಣಿಯ ಕಟ್ಟೆಯ ಮೇಲೆ ಆಡಿದ ಮಾತಾಗಿಯೇ ಮುಗಿದುಹೋಗುತ್ತಿದೆ ಎಂಬುದು ನನ್ನ ಸಂಕಟ.

ಕೆಲವು ವರ್ಷಗಳ ಹಿಂದೆ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಈಸ್ಟ್ ಬೆಂಗಾಲ್ ಪಂದ್ಯ ಮುಗಿಸಿ ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣದಲ್ಲಿ ನಿಂತಿದ್ದೆ. ನೀಲಿ ಅಂಗಿಯ ನಮ್ಮ ಹುಡುಗರು, ಕೆಂಪು-ಹಳದಿಯ ಬಂಗಾಳಿ ಟೆಕ್ಕಿಗಳು ಒಂದೇ ಪ್ಲಾಟ್‌ಫಾರ್ಮಿನಲ್ಲಿ ಪೈಪೋಟಿಯ ಮೇಲೆ ಹಾಡುತ್ತಿದ್ದರು. ಕೆಂಪು-ಹಳದಿ ಶಾಲು ಹೊದ್ದ ಹಿರಿಯರೊಬ್ಬರು ತಮ್ಮ ಮೊಮ್ಮಗನಿಗೆ ಏನೋ ವಿವರಿಸುತ್ತ, ಬೂಟಿನ ತುದಿಯಿಂದ ನೆಲದ ಮೇಲೆ ಗೆರೆ ಎಳೆಯುತ್ತಿದ್ದರು. ‘ಚಾಪ್‌ಮನ್’ ಎಂಬುದು ಕಿವಿಗೆ ಬಿದ್ದು ಹತ್ತಿರ ಹೋದೆ. ಯಾವುದೋ ಪಂದ್ಯದಲ್ಲಿ ಚಾಪ್‌ಮನ್ ಎಲ್ಲಿದ್ದರು, ಸ್ಟ್ರೈಕರ್ ಎಲ್ಲಿದ್ದ, ಚೆಂಡು ಯಾವ ಸಂದಿನಲ್ಲಿ ಹೋಯಿತು ಎಂದು ತೋರಿಸುತ್ತಿದ್ದರು. ಪಕ್ಕದಲ್ಲಿದ್ದ ನೀಲಿ ಅಂಗಿಯ ಹುಡುಗನೊಬ್ಬ ಬಗ್ಗಿ ನೋಡಿ, “ಯಾರು ಸರ್ ಅದು?” ಎಂದು ನನ್ನನ್ನು ಕೇಳಿದ. ನಿಮ್ಮ ಊರಿನವರೇ ಕಣಪ್ಪ ಎಂದೆ. ಅವನು ಹಾಡು ಬಿಟ್ಟು ರೈಲು ಬರುವವರೆಗೂ ಕೇಳಿಸಿಕೊಂಡ. ಒಳ್ಳೆಯ ಪ್ರಶ್ನೆಗಳನ್ನೂ ಕೇಳಿದ: ಎಡಗಾಲೋ ಬಲಗಾಲೋ, ಇವತ್ತಿನವರಲ್ಲಿ ಯಾರ ಹಾಗೆ ಆಡುತ್ತಿದ್ದರು, ಎಲ್ಲಿ ನೋಡಬಹುದು. ಕೊನೆಯ ಪ್ರಶ್ನೆಗೆ ನನ್ನ ಹತ್ತಿರ ಕೊಡಲು ಏನೂ ಇರಲಿಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ಮತ್ತು ಇದನ್ನು ಓದುತ್ತಿರುವವರಲ್ಲಿ ಒಂದು ವಿನಂತಿ. ಎಂಬತ್ತರ ದಶಕದ ಕೊನೆಯಲ್ಲಿ ಸದರ್ನ್ ಬ್ಲೂಸ್ ಆಟ ನೋಡಿದವರು, ಚಾಪ್‌ಮನ್ ಜೊತೆ ಅಥವಾ ಎದುರು ಆಡಿದವರು, ಅವರ ಕೈಯಲ್ಲಿ ಕಲಿತ ಹುಡುಗರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದರೆ ಅವರ ಪಕ್ಕ ಕೂತು ಕೇಳಿ ಬರೆದುಕೊಳ್ಳಿ. ಯಾವ ವರ್ಷ, ಯಾವ ಮೈದಾನ, ಎದುರಾಳಿ ಯಾರು, ಮಳೆ ಇತ್ತೋ ಬಿಸಿಲಿತ್ತೋ. ಗೋಲಿನ ಲೆಕ್ಕ ಪತ್ರಿಕೆಯಲ್ಲಿ ಸಿಗುತ್ತದೆ. ಪಾಸ್ ಯಾರಿಗೆ ಕೊಟ್ಟರು ಎಂಬುದನ್ನು ಮರೆಯದೆ ಕೇಳಿ. ಮನೆಯ ಹಳೆಯ ಪೆಟ್ಟಿಗೆಯಲ್ಲಿ ತಂಡದ ಫೋಟೊ ಸಿಕ್ಕರೆ, ಹಿಂದೆ ನಿಂತವರು ಯಾರು, ಕೂತವರು ಯಾರು ಎಂದು ಹೆಸರು ಬರೆಸಿ ನನಗೊಂದು ಪ್ರತಿ ಕಳಿಸಿ.